ಬೀಜಕ್ಕೆ ಬಿಟ್ಟ ಸೋರೆಕಾಯಿ

ನಮ್ಮ ಮನೆಗೆ ಅಂಗಡಿಯಿಂದ ಬಂದದ್ದು ಮೂರೇ, ಉಪ್ಪು, ಬೆಂಕಿಪೊಟ್ಟಣ, ಅಳಿಯ, ಎಂದು ಅತ್ತೆ ಹೇಳಿ ನಗುತ್ತಿದ್ದರು. ಅಳಿಯ ನಿಜವಾಗಿಯೂ ಅಂಗಡಿಯಿಂದ ಬಂದವನೇ. ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದ. ಜನ ಮೊಬೈಲಿನಲ್ಲಿ ಗಂಟೆ ನೋಡಲು ಕಲಿತ ಮೇಲೆ ಅಂಗಡಿಗೆ ಬೀಗ ಹಾಕಿ, ಹೆಂಡತಿಯ ಹಿಂದೆ ಅತ್ತೆಯ ಮನೆ ಸೇರಿದ್ದ. ಉಳಿದಂತೆ ಹಾಲು, ಮೊಟ್ಟೆ, ಕಾಳು, ತರಕಾರಿ ಎಲ್ಲವೂ ಹಿತ್ತಲಿನಿಂದಲೇ ಬರಬೇಕು. ತರಕಾರಿ ಸಿಪ್ಪೆ ಮೇಕೆಗೆ, ಮೇಕೆಯ ಹಿಕ್ಕೆ ಗಿಡಕ್ಕೆ, ಗಿಡದ ಹುಳ ಕೋಳಿಗೆ. ಏನೂ ದಂಡವಾಗುವ ಹಾಗಿಲ್ಲ. ಅಳಿಯನನ್ನು ಯಾವುದಕ್ಕೆ ಹಾಕುವುದೆಂದು ಮಾತ್ರ ಬಹಳ ದಿನ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಮೇಕೆ ಹಾಲು ಕರೆಯುವ ಕೆಲಸ ಅವನ ಪಾಲಿಗೆ ಬಂತು.

ಆ ಮೇಕೆಯ ಹೆಸರು ಯಜಮಾನಿ. ಹೆಸರಿಗೆ ತಕ್ಕ ಹಾಗೆ ಮನೆಯವರೆಲ್ಲ ತನ್ನ ಆಳುಗಳೆಂದೇ ಅದು ತಿಳಿದಿತ್ತು. ಅದರ ದೊಡ್ಡಿಯ ಬಾಗಿಲಿಗೆ ಹಳ್ಳದಾಚೆಯ ಬಡಗಿ ಮರದ ಚಿಲಕ ಮಾಡಿಕೊಟ್ಟಿದ್ದ. ಬಾಗಿಲು ಮುಚ್ಚಿ ಚಿಲಕ ಸರಿಸಿದ ಮೇಲೆ, ಅದು ಜಾರದಂತೆ ಮೇಲಿನ ಗೂಟವನ್ನೂ ಇಳಿಸಬೇಕು. ಇಳಿಸದಿದ್ದರೆ ಯಜಮಾನಿ ಮೂತಿಯಿಂದಲೇ ಚಿಲಕ ಸರಿಸಿಕೊಂಡು ಹೊರಡುತ್ತಿತ್ತು.

ಅತ್ತೆ ಆ ಮನೆಯ ನಾಲಿಗೆ. ಸಾರಿಗೆ ಎಷ್ಟು ಉಪ್ಪು, ಯಾವ ಗಿಡದ ಟೊಮೆಟೊ ಬೀಜಕ್ಕೆ ಇಡಬೇಕು, ಯಾವುದು ತಿಂದು ಮುಗಿಸಬೇಕು, ಎಲ್ಲ ಅವರ ನಾಲಿಗೆಯ ತೀರ್ಮಾನ. ಸೋರೆಯ ವಿಷಯದಲ್ಲಂತೂ ಅವರದು ದೊಡ್ಡ ಕಟ್ಟುನಿಟ್ಟು. ಸೋರೆ ಮೋಸದ ಕಾಯಿ. ನೋಡಲು ಒಂದೇ ಥರ ಇದ್ದರೂ ಒಂದು ಬಳ್ಳಿಯದು ಸಿಹಿ, ಇನ್ನೊಂದರದು ವಿಷದಂಥ ಕಹಿ. ಅದಕ್ಕೇ ಅವರು ಪ್ರತಿ ಬಳ್ಳಿಯಿಂದ ಒಂದೊಂದು ಎಳೆಗಾಯಿ ಕೊಯ್ದು, ಹಸಿ ಹೋಳನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಎಲ್ಲಕ್ಕಿಂತ ಸಿಹಿಯಾದ ಬಳ್ಳಿಯಲ್ಲಿ ಸಂಜೆ ಅರಳುವ ಹೆಣ್ಣು ಹೂವಿಗೆ ತಾವೇ ಗಂಡು ಹೂ ತಾಗಿಸಿ, ದುಂಬಿ ಕೂರದಂತೆ ಬಾಯಿ ಕಟ್ಟಿ, ತೊಟ್ಟಿಗೊಂದು ಕೆಂಪು ಬಟ್ಟೆ ಸುತ್ತುತ್ತಿದ್ದರು. ಕೆಂಪು ಬಟ್ಟೆಯ ಕಾಯಿ ಅಂದರೆ ಮುಂದಿನ ವರ್ಷದ ಬೀಜ. ಅದನ್ನು ಯಾರೂ ಮುಟ್ಟುವಂತಿಲ್ಲ. ಅವರ ತಾಯಿಯ ಕಾಲದಿಂದ ಆ ಬೀಜ ಹಾಗೆಯೇ ನಡೆದು ಬಂದಿತ್ತು.

ಆ ವರ್ಷ ಅತ್ತೆಯ ತಂಗಿ ಬಿದ್ದು ಕಾಲು ಮುರಿದುಕೊಂಡರು. ಅತ್ತೆ ಅವರನ್ನು ನೋಡಿಕೊಳ್ಳಲು ಹೋದರು. ಹೊರಡುವಾಗ ಅಳಿಯನಿಗೆ ಹೇಳಿದ್ದು ಒಂದೇ ಮಾತು. "ಬೇರೆ ಏನಾದ್ರೂ ಹಾಳಾಗ್ಲಿ ಅಳಿಯಂದ್ರೇ, ಆ ಕೆಂಪು ಬಟ್ಟೆ ಕಾಯಿ ಒಂದು ನೋಡ್ಕೊಳ್ಳಿ."

ಒಂದು ಬೆಳಿಗ್ಗೆ ಹಾಲು ಕರೆದು ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಮೊಟ್ಟೆಯ ಬುಟ್ಟಿ ಹಿಡಿದು ಹೊರಬಂದ ಅಳಿಯ ಚಿಲಕವನ್ನು ಮೊಣಕೈಯಿಂದ ಸರಿಸಿದ. ಗೂಟ ಇಳಿಸಲು ಕೈ ಬಿಡುವಿರಲಿಲ್ಲ. ಪಾತ್ರೆ ಇಟ್ಟು ಬಂದು ಇಳಿಸಿದರಾಯಿತು ಅಂದುಕೊಂಡ. ಪಾತ್ರೆ ಇಟ್ಟ, ಕೈ ತೊಳೆದ, ಹೆಂಡತಿ ಏನೋ ಕೇಳಿದಳು, ಉತ್ತರ ಹೇಳುತ್ತಾ ತಿಂಡಿಗೆ ಕೂತ. ಗೂಟ ಮರೆತೇ ಹೋಯಿತು.

ಮತ್ತೆ ಹಿತ್ತಲಿಗೆ ಹೋದಾಗ ಯಜಮಾನಿ ಚಪ್ಪರದ ಕೆಳಗೆ ಹಿಂಗಾಲ ಮೇಲೆ ನಿಂತಿತ್ತು. ಕೆಂಪು ಬಟ್ಟೆಯ ಕಾಯಿಯ ತೊಟ್ಟು ಮಾತ್ರ ಬಳ್ಳಿಯಲ್ಲಿ ಉಳಿದಿತ್ತು. ಬಟ್ಟೆಯ ಒಂದು ತುದಿ ಇನ್ನೂ ಅದರ ಬಾಯಲ್ಲೇ ಇತ್ತು.

ಅಳಿಯ ಸುತ್ತ ನೋಡಿದ. ಹೆಂಡತಿ ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದಳು. ನೋಡಿದವರು ಯಾರೂ ಇರಲಿಲ್ಲ, ಮೇಕೆ ಬಿಟ್ಟರೆ. ಅವನು ಕೆಂಪು ಬಟ್ಟೆಯನ್ನು ಕಿತ್ತುಕೊಂಡು ಒರೆಸಿದ. ಅದೇ ಚಪ್ಪರದ ಆಚೆ ಮೂಲೆಯಲ್ಲಿ ತಾನಾಗಿ ಹುಟ್ಟಿ, ತಡವಾಗಿ ಕಾಯಿ ಹಿಡಿದ ಬಳ್ಳಿಯೊಂದಿತ್ತು. ಅದರಲ್ಲಿ ಅಷ್ಟೇ ಗಾತ್ರದ, ಅಂಥದೇ ಕತ್ತಿನ ಕಾಯಿ ತೂಗುತ್ತಿತ್ತು. ಗಡಿಯಾರದ ಮುಳ್ಳು ಕೂರಿಸಿದ ಬೆರಳುಗಳು ಅದರ ತೊಟ್ಟಿಗೆ ಬಟ್ಟೆ ಸುತ್ತಿ ಅತ್ತೆ ಕಟ್ಟುವ ಗಂಟನ್ನೇ ಹಾಕಿದವು. ಸೋರೆಗೆ ಸೋರೆ, ಯಾವ ವ್ಯತ್ಯಾಸ, ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ತಾನೇ ನಂಬಲಿಲ್ಲ ಎಂಬುದು ಬೇರೆ ಮಾತು.

ಅತ್ತೆ ವಾಪಸು ಬಂದವರೇ ಚಪ್ಪರಕ್ಕೆ ಹೋದರು.

"ಇದು ಈ ಕಡೆ ಇತ್ತಲ್ವಾ?"

"ಬಳ್ಳಿ ಅಲ್ವಾ ಅತ್ತೆ, ಹಬ್ಬಿದೆ," ಅಂದ ಅಳಿಯ.

ಅವರು ನಂಬಿದರು. ನಂಬದಿರಲು ಅವರಿಗೆ ಕಾರಣವೇ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಆ ಕ್ಷಣದಲ್ಲಿ ಹೇಳಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಆದರೆ ಅಂಗಡಿ ಮುಳುಗಿಸಿ ಬಂದವನು ಇಲ್ಲೂ ಒಂದು ಕಾಯಿ ಕಾಯಲಾರದೆ ಹೋದ ಅನ್ನಿಸಿಕೊಳ್ಳುವುದು ಅವನಿಗೆ ಬೇಡವಾಗಿತ್ತು.

ಮುಂದಿನ ವರ್ಷ ಬೀಜ ಚೆನ್ನಾಗಿಯೇ ಹುಟ್ಟಿತು. ಬಳ್ಳಿ ಚಪ್ಪರ ತುಂಬಿತು, ಕಾಯಿ ಜೋತುಬಿತ್ತು. ಅತ್ತೆ ಮೊದಲ ಕಾಯಿ ಕೊಯ್ದು ಹೋಳು ಬಾಯಿಗಿಟ್ಟರು, ತಕ್ಷಣ ಉಗಿದರು. ಎರಡನೇ ಬಳ್ಳಿಯದನ್ನೂ ಉಗಿದರು. ಕೊನೆಯ ಬಳ್ಳಿಯವರೆಗೂ ಹಾಗೇ. ಕಾಯಿಗಳನ್ನು ಮೇಕೆಯ ಮುಂದೆ ಸುರಿದರೆ, ಹಗ್ಗ ಚಪ್ಪಲಿಯನ್ನೂ ಬಿಡದ ಯಜಮಾನಿ ಮೂಸಿ ನೋಡಿ ಮುಖ ತಿರುಗಿಸಿತು. ಅಸಲಿ ಕಾಯಿಯ ರುಚಿ ಅದಕ್ಕೆ ಗೊತ್ತಿತ್ತಲ್ಲ.

"ದುಂಬಿ ಎಲ್ಲಿಂದಲೋ ಕಾಡು ಸೋರೆಯ ಪರಾಗ ತಂದಿರಬೇಕು ಅತ್ತೆ," ಅಂದ ಅಳಿಯ.

"ಹೂವಿನ ಬಾಯಿ ಕಟ್ಟಿದ್ದು ನಾನು. ಪಾಪ, ದುಂಬಿ ಮೇಲೆ ಯಾಕೆ ಗೂಬೆ ಕೂರಿಸ್ತೀರಾ?" ಅತ್ತೆ ಜಗುಲಿಯ ಮೇಲೆ ಕೂತುಬಿಟ್ಟರು. "ಹೋದ ವರ್ಷ ಇದನ್ನ ಸಿಹಿ ಅಂದಿದ್ದು ಈ ನಾಲಿಗೆ. ಕಹಿನ ಸಿಹಿ ಅಂದುಬಿಡ್ತಲ್ಲ. ವಯಸ್ಸಾಯ್ತು ಅಷ್ಟೇ."

"ಹಳೇ ಬೀಜ ಒಂಚೂರಾದ್ರೂ ಇಲ್ವೇನಮ್ಮ?" ಮಗಳು ಕೇಳಿದಳು.

"ಇದ್ದಿದ್ದೆಲ್ಲ ಹಂಚಿಬಿಟ್ಟೆ. ಕೂಡಿಡೋ ಅಭ್ಯಾಸ ನನಗಿಲ್ಲ."

ಅಂದಿನಿಂದ ಮನೆಯಲ್ಲಿ ಹೊಸದೊಂದು ಮಾತು ಕೇಳತೊಡಗಿತು. ಅತ್ತೆ ಪಾತ್ರೆ ತಂದಿಟ್ಟು, "ಉಪ್ಪು ಸರಿ ಇದ್ಯಾ?" ಅನ್ನುವರು. ಮೊದಲು ಅವರು ಯಾರನ್ನೂ ಹಾಗೆ ಕೇಳಿದವರಲ್ಲ. ಉಪ್ಪು ಸಾಲದು ಎಂದವರಿಗೆ ನಿಮ್ಮ ನಾಲಿಗೆ ತೊಳೆದು ಬನ್ನಿ ಅನ್ನುತ್ತಿದ್ದವರು. ಈಗ ಎಲ್ಲರೂ ಒಂದು ತುತ್ತು ತಿನ್ನುವವರೆಗೆ ಸೌಟು ಹಿಡಿದು ನಿಂತಿರುತ್ತಿದ್ದರು. ಟೊಮೆಟೊ ಬೀಜ ಆರಿಸುವುದನ್ನು ಮಗಳಿಗೆ ಬಿಟ್ಟರು. ಜೇನು ನೆಕ್ಕಿ ಯಾವ ಹೂವಿನದೆಂದು ಹೇಳುವುದನ್ನೂ ನಿಲ್ಲಿಸಿದರು. ಪ್ರತಿ ಸಲ "ಸರಿ ಇದೆ ಅತ್ತೆ" ಅನ್ನುವಾಗ ಅಳಿಯ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ತಾನು ಕದ್ದಿದ್ದು ಸೋರೆಕಾಯಿಯನ್ನಲ್ಲ, ಅತ್ತೆಯ ನಾಲಿಗೆಯನ್ನು, ಎಂದು ಅವನಿಗೆ ಅರ್ಥವಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಹೇಡಿತನಕ್ಕೆ ದಿನ ಕಳೆದಷ್ಟೂ ಬೇರು ಗಟ್ಟಿಯಾಗುತ್ತದೆ.

ಬಿತ್ತುವ ಕಾಲ ಮತ್ತೆ ಬಂದಾಗ ಅವನು ಹಳ್ಳ ದಾಟಿ ಬಡಗಿಯ ಮನೆಗೆ ಹೋದ. ಅತ್ತೆ ಎಂದೋ ಕೊಟ್ಟಿದ್ದ ಬೀಜದ ಬಳ್ಳಿ ಬಡಗಿಯ ಮಾಡಿನ ಮೇಲೆ ಇತ್ತೆಂದು ಅವನಿಗೆ ನೆನಪಿತ್ತು.

ಬಡಗಿ ಒಣಗಿದ ಸೋರೆಯೊಂದನ್ನು ಒಡೆದು ಬೀಜ ಸುರಿದುಕೊಟ್ಟ. "ನಿಮ್ಮತ್ತೆದೇ ಬೀಜ. ನಮ್ಮಲ್ಲಿ ಒಂದು ಕಾಯೂ ಕಹಿಯಾಗಿಲ್ಲ. ಆಯಮ್ಮನ ನಾಲಿಗೆ ತಪ್ಪೋದಿಲ್ಲ ಕಣಯ್ಯ, ಬೇರೆ ಎಲ್ಲೋ ತಪ್ಪಿದೆ." ಆಮೇಲೆ ಉಳಿಯನ್ನು ಎತ್ತಿಕೊಂಡು ಕೇಳಿದ, "ಮೇಕೆ ಬಾಗಿಲ ಚಿಲಕ ಸರಿಯಾಗಿ ಬೀಳುತ್ತಾ?"

"ಗೂಟ ನಾನು ದಿನಾ ಇಳಿಸ್ತೀನಿ," ಅಂದ ಅಳಿಯ. ಗೂಟದ ಮಾತನ್ನು ಬಡಗಿ ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಕಾಯಿ ಮಾತ್ರ ಬೇರೆ. ಬಡಗಿ ಮರ ಕೆತ್ತತೊಡಗಿದ.

ಬೀಜ ಬಡಗಿಯದೆಂದು ಹೇಳಿಯೇ ಅಳಿಯ ಬಿತ್ತಿದ. ಅತ್ತೆ ಸುಮ್ಮನೆ ತಲೆಯಾಡಿಸಿದರು. ನೀರು ಹಾಕಿದ, ಹುಳ ಆರಿಸಿದ, ಯಜಮಾನಿಯ ಬಾಗಿಲನ್ನು ಹೋಗುವಾಗ ಬರುವಾಗ ಎಳೆದು ನೋಡಿದ. ಎಳೆಗಾಯಿ ಬಂದಾಗ ಅತ್ತೆಯನ್ನು ಚಪ್ಪರದಡಿಗೆ ಕರೆದ. ಅವರು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಮೊದಲಿಗಿಂತ ಬಹಳ ಹೊತ್ತು ಅಗಿದರು.

"ನನಗೆ ಸಿಹಿ ಅನ್ಸುತ್ತೆ," ಅಂದರು. "ಅದೇ ಹೆದರಿಕೆ. ಆವತ್ತೂ ಹೀಗೇ ಅನ್ಸಿತ್ತು." ಸೆರಗಿನ ಗಂಟು ಬಿಚ್ಚಿ ಕೆಂಪು ಬಟ್ಟೆ ತೆಗೆದು ಅವನತ್ತ ಚಾಚಿದರು. "ಇನ್ಮೇಲೆ ಇದು ನಿಮ್ಮ ಕೆಲಸ. ನೀವೇ ರುಚಿ ನೋಡಿ, ನೀವೇ ಕಟ್ಟಿ. ಮನೇಲಿ ಒಬ್ಬರದ್ದಾದ್ರೂ ನಾಲಿಗೆ ನೆಟ್ಟಗಿರಬೇಕಲ್ಲ."

ಬಟ್ಟೆಯ ಒಂದು ತುದಿ ನಾರುನಾರಾಗಿತ್ತು. ಇಲಿ ಕಡಿದದ್ದೆಂದು ಅತ್ತೆ ತಿಳಿದಿದ್ದರು. ಅಳಿಯ ಅದನ್ನು ಮುಟ್ಟಲಾರದೆ ನಿಂತ.

"ಅದು ಇಲಿ ಅಲ್ಲ ಅತ್ತೆ, ಯಜಮಾನಿ," ಅಂದ. ಆಮೇಲೆ ಎಲ್ಲವನ್ನೂ ಹೇಳಿದ. ಇಳಿಸದ ಗೂಟ, ಉಳಿದ ತೊಟ್ಟು, ಆಚೆ ಮೂಲೆಯ ಬಳ್ಳಿ, ತಾನು ಹಾಕಿದ ಗಂಟು. "ನಿಮ್ಮ ನಾಲಿಗೆ ತಪ್ಪಿರಲಿಲ್ಲ. ನೀವು ಆ ಬಳ್ಳಿ ರುಚಿನೇ ನೋಡಿರಲಿಲ್ಲ."

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಮೇಕೆ ತಿಂತು ಅಂದಿದ್ರೆ ಮೇಕೆಗೆ ಬೈತಿದ್ದೆ, ನಿಮಗೂ ಎರಡು ಬೈತಿದ್ದೆ. ಬಡಗಿ ಹತ್ರ ಬೀಜ ತರ್ತಿದ್ದೆ, ಮುಗೀತಿತ್ತು," ಅಂದರು. ದನಿ ಏರಲಿಲ್ಲ. "ಇಷ್ಟು ದಿನ ಒಲೆ ಮುಂದೆ ನಿಲ್ಲೋಕೆ ಹೆದರ್ತಿದ್ದೆ ಅಳಿಯಂದ್ರೇ. ನಿಮಗೆ ಕಾಣ್ತಿತ್ತು. ಕಂಡೂ ಊಟ ಮಾಡಿ ಎದ್ದು ಹೋಗ್ತಿದ್ರಿ."

ತಪ್ಪಾಯಿತು ಅಂದ ಅಳಿಯ. ಆ ಮಾತು ತನಗೇ ತೀರಾ ಚಿಕ್ಕದೆನ್ನಿಸಿತು. ಅತ್ತೆ ಬಟ್ಟೆಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡರು. ಇಳಿಹೊತ್ತಿನಲ್ಲಿ ಹೂ ಅರಳಿದಾಗ ತಾವೇ ಬಂದು, ತಾವು ಆರಿಸಿದ ಬಳ್ಳಿಯಲ್ಲಿ ತಾವೇ ಕಟ್ಟಿದರು. ಅಳಿಯನನ್ನು ಏಣಿ ಹಿಡಿಯಲೂ ಕರೆಯಲಿಲ್ಲ, ಮಗಳನ್ನು ಕರೆದರು.

ಅಂದು ಅಡುಗೆಮನೆಯಲ್ಲಿ ಅವರ ಕೈ ಹಳೆಯ ರಭಸದಲ್ಲೇ ಆಡಿತು. ಉಪ್ಪಿನ ಡಬ್ಬಿಗೆ ಒಂದೇ ಸಲ ಕೈ ಹಾಕಿ, ಎರಡನೇ ಸಲ ಯೋಚಿಸದೆ ಮುಚ್ಚಳ ಮುಚ್ಚಿದರು. ಬಾಗಿಲಲ್ಲಿ ನಿಂತು ನೋಡಿದ ಅಳಿಯನಿಗೆ ಎದೆ ಸ್ವಲ್ಪ ಹಗುರಾಯಿತು. ಎಲ್ಲ ಸರಿಹೋಯಿತು ಎಂದುಕೊಂಡ.

ಎಲ್ಲರೂ ಊಟಕ್ಕೆ ಕೂತರು. ಅತ್ತೆ ಬಡಿಸಿ, ಪಾತ್ರೆ ಕೆಳಗಿಟ್ಟು, ಹೊರಟವರು ಸೌಟು ಹಿಡಿದೇ ನಿಂತರು.

"ಉಪ್ಪು ಸರಿ ಇದ್ಯಾ?"

"ಸರಿ ಇದೆ ಅತ್ತೆ," ಅಂದ ಅಳಿಯ, ಅವಸರದಲ್ಲಿ.

ಅತ್ತೆ ಅವನ ತಟ್ಟೆ ನೋಡಿದರು, ಆಮೇಲೆ ಅವನ ಮುಖ ನೋಡಿದರು.

"ಇನ್ನೂ ಬಾಯಿಗೇ ಇಟ್ಟಿಲ್ವಲ್ಲ," ಅಂದರು.