ಮಂಚದ ಕೆಳಗಿನ ಸಿಹಿ ವಾಸನೆ

ಗಂಡ ತೀರಿಕೊಂಡ ಮೇಲೆ ಆ ಕೋಣೆಯಲ್ಲಿ ಸಂಜೆ ಹೊತ್ತು ಒಂದು ವಾಸನೆ ಬರತೊಡಗಿತು. ಕಳಿತ ಹಣ್ಣಿನಂಥ ಸಿಹಿ ವಾಸನೆ. ಕಿಟಕಿ ಮುಚ್ಚಿ ಕೂತರೆ ಚೆನ್ನಾಗಿ ತಿಳಿಯುತ್ತಿತ್ತು. ಆಕೆ ಮುಚ್ಚಿಯೇ ಕೂರುತ್ತಿದ್ದಳು.

ಆತ ಬಸ್ಸಿನ ಡ್ರೈವರ್ ಆಗಿದ್ದವನು. ಇಡೀ ದಿನ ಬಸ್ಸು ಓಡಿಸಿ ಬಂದರೂ, ರಜೆ ಸಿಕ್ಕಿತೆಂದರೆ ಮೊಳದುದ್ದದ, ರಿಮೋಟಿನಿಂದ ಓಡುವ ಆಟದ ಲಾರಿ ಹಿಡಿದು ಮೈದಾನಕ್ಕೆ ಓಡುತ್ತಿದ್ದ. ಅದರ ಸಾಮಾನೆಲ್ಲ ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆಯಲ್ಲಿತ್ತು. ಆತ ಹೋದ ಮೇಲೆ ಯಾರೂ ಅದನ್ನು ತೆರೆದಿರಲಿಲ್ಲ. ಆದರೂ ಮುಚ್ಚಳ ತಾನಾಗಿ ಮೇಲೆದ್ದಿತ್ತು. ಆಕೆ ಒತ್ತಿ ಮುಚ್ಚಿದಳು. ಮತ್ತೊಮ್ಮೆ ಕಸ ಗುಡಿಸಲು ಬಗ್ಗಿದಾಗ ಪುನಃ ಎದ್ದಿತ್ತು, ಈ ಸಲ ಬೆರಳು ತೂರುವಷ್ಟು.

ಆಕೆ ಹೆದರಲಿಲ್ಲ. ಕೈಮುಗಿದಳು.

"ನಿಮ್ಮಪ್ಪ ಬರ್ತಾರೆ ಕಣೇ," ಎಂದು ಮಗಳಿಗೆ ಹೇಳಿದಳು.

"ನನಗೂ ವಾಸನೆ ಬಂತಮ್ಮ. ತಲೆ ಸುತ್ತುತ್ತೆ. ನೀನಿಲ್ಲಿ ಮಲಗಬೇಡ."

"ಅವರ ಜೊತೆ ಇದ್ರೆ ನನಗೇನಾಗುತ್ತೆ?"

ಆತ ತರಿಸಿಟ್ಟು ಒಮ್ಮೆಯೂ ಬಳಸದ ಹೊಸ ಬ್ಯಾಟರಿಯೊಂದು ಕಪಾಟಿನಲ್ಲಿತ್ತು. ಬಂದವರಿಗೆ ಲಾರಿ ಓಡಿಸುವ ಆಸೆ ಇರಬಹುದೆಂದು ಆಕೆ ಅದನ್ನು ಆತನ ದಿಂಬಿನ ಮೇಲಿಟ್ಟು ಹಳೆಯ ಚಾರ್ಜರಿಗೆ ಸಿಕ್ಕಿಸಿದಳು. ಯಾವ ಗುಂಡಿ ಒತ್ತಬೇಕೆಂದು ತಿಳಿಯಲಿಲ್ಲ.

"ನಿಲ್ಲಮ್ಮ, ಹಲ್ಲಮ್ಮನ್ನ ಕೇಳೋಣ," ಎಂದಳು ಮಗಳು.

ಹಲ್ಲಮ್ಮ ಎಂದರೆ ಎದುರು ಬೀದಿಯ ಹಲ್ಲಿನ ಡಾಕ್ಟರು. ಮೈದಾನದ ಲಾರಿ ಓಟದಲ್ಲಿ ಆತನ ಎದುರಾಳಿ. ಆ ಹೆಸರಿಟ್ಟವನೂ ಆತನೇ. ಅವರು ಬಂದು ಹೊಸ್ತಿಲಲ್ಲೇ ನಿಂತುಬಿಟ್ಟರು.

"ಅಕ್ಕ, ಮೊದಲು ಕಿಟಕಿ ತೆಗೀರಿ."

"ತೆಗೆದ್ರೆ ಹೊರಟುಹೋಗ್ತಾರೆ."

"ಯಾರು?"

ಆಕೆ ಮಂಚದ ಕೆಳಗೆ ಬೆರಳು ತೋರಿದಳು.

ಡಾಕ್ಟರು ಮಂಡಿಯೂರಿ ಮುಚ್ಚಳ ಎತ್ತಿದರು. ಚಪ್ಪಟೆಯಾಗಿರಬೇಕಾದ ಹಳೆಯ ಬ್ಯಾಟರಿ ದಿಂಬಿನಂತೆ ಊದಿಕೊಂಡಿತ್ತು. ಮುಚ್ಚಳವನ್ನು ಒಳಗಿನಿಂದ ತಳ್ಳುತ್ತಿದ್ದುದು ಅದೇ.

"ನಿಮ್ಮ ಸಿಹಿ ವಾಸನೆ ಇದು. ಒಳಗಿನ ರಸ ಸೋರಿದ್ರೆ ಹೀಗೇ ಬರೋದು. ಒಂದು ಚುಚ್ಚು ಬಿದ್ರೂ ಸಾಕು, ಹೊತ್ತಿಕೊಳ್ಳುತ್ತೆ. ಇದರ ಮೇಲೆ ಮಲಗಿದ್ದೀರಲ್ಲ!"

"ನಾನು ಒತ್ತಿ ಮುಚ್ಚಿದ್ದೆ," ಎಂದಳು ಆಕೆ.

"ಎಷ್ಟು ಸಲ ಅಮ್ಮ?" ಎಂದಳು ಮಗಳು.

ಆಕೆ ಡಾಕ್ಟರ ಕಡೆ ತಿರುಗಿ, "ಸುಳ್ಳು! ಮೈದಾನದಲ್ಲಿ ಸೋತ ಹೊಟ್ಟೆಕಿಚ್ಚು ನಿಮಗೆ," ಎಂದಳು.

"ಸೋತಿದ್ದೀನಿ ಅಕ್ಕ. ನನ್ನ ಗಾಡಿನ ಹಳ್ಳಕ್ಕೆ ತಳ್ಳಿ ಗೆಲ್ತಿದ್ರು, ಅದಿರಲಿ. ಅವರು ಬಂದ್ರೆ ನನಗೂ ಸಂತೋಷ. ಆದ್ರೆ ನಿಮ್ಮನ್ನ ಸುಡೋಕೆ ಬರ್ತಾರಾ?"

ಆಕೆ ಮಂಚದ ಮೇಲೆ ಕೂತಳು. "ಇದೂ ಹೋದ್ರೆ ನನಗೇನು ಉಳೀತು?"

"ನಾನು ಉಳೀತೀನಲ್ಲಮ್ಮ," ಎಂದಳು ಮಗಳು, "ಮನೆ ಸುಡದೆ ಇದ್ರೆ."

ಆಗ ಆಕೆಯೇ ಎದ್ದು ಕಿಟಕಿ ತೆರೆದಳು.

ಡಾಕ್ಟರು ಕೈಗವಸು ಹಾಕಿ, ಊದಿದ ಬ್ಯಾಟರಿಯನ್ನು ಅದುಮದೆ ಬಾಗಿಸದೆ ಹೊರಗೊಯ್ದು, ಬಯಲಲ್ಲಿ ಮರಳು ತುಂಬಿದ ಕಬ್ಬಿಣದ ಬಕೆಟ್ಟಿನಲ್ಲಿಟ್ಟರು. ಹಳೆಯ ಬ್ಯಾಟರಿ ತೆಗೆದುಕೊಳ್ಳುವವರಿಗೆ ಹೇಳಿ ಕಳಿಸಿದರು. ಆಮೇಲೆ ಹೊಸದನ್ನು ತಿರುಗಿಸಿ ನೋಡಿದರು.

"ಇದು ಊದಿಲ್ಲ, ಸಿಪ್ಪೆ ಹರಿದಿಲ್ಲ. ದಿಂಬು ಬೇಡ, ಕಲ್ಲಿನ ನೆಲದ ಮೇಲಿಡಿ; ಬಟ್ಟೆ, ಕಾಗದ ಹತ್ತಿರ ಬೇಡ. ಚಾರ್ಜರ್ ನೋಡಿ, ಇನ್ನೂ ಹಳೇದರ ಲೆಕ್ಕದಲ್ಲೇ ಇದೆ. ಅದರೊಳಗೆ ಮೂರು ಕೋಶ, ಅಂದ್ರೆ ಸೆಲ್ಲು, ಇದರೊಳಗೆ ಎರಡೇ. ಹಾಗೇ ಒತ್ತಿದ್ರೆ ಇದೂ ಊದೋದು."

"ಎರಡೇ ಕೋಶದ್ದು ಯಾಕೆ ತಂದ್ರು ಅವರು?" ಎಂದಳು ಆಕೆ.

"'ವಯಸ್ಸಾಯ್ತು ಹಲ್ಲಮ್ಮ, ಇನ್ನು ನಿಧಾನವಾಗಿ ಹೋಗೋಣ' ಅಂದಿದ್ರು."

ಆ ಮಾತನ್ನು ಆಕೆ ಇನ್ನೊಮ್ಮೆ ಹೇಳಿಸಿಕೊಂಡಳು. ಡಾಕ್ಟರು ಚಾರ್ಜರಿನ ಲೆಕ್ಕವನ್ನು ಎರಡು ಕೋಶಕ್ಕೆ ಬದಲಾಯಿಸಿದರು.

"ಈ ಸಣ್ಣ ಬಿಳಿ ತಂತಿನೂ ಸಿಕ್ಕಿಸಿ, ಆಗ ಎರಡು ಕೋಶನೂ ಸಮ ತುಂಬುತ್ತೆ. ಮೊದಲ ಸಲ ಕಡಿಮೆ ಕರೆಂಟು ಸಾಕು. ಮುಗಿಯೋತನಕ ಬಿಟ್ಟು ಏಳಬಾರದು."

"ಪಕ್ಕದಲ್ಲಿ ಕೂರೋದು ನನಗೆ ಗೊತ್ತು," ಎಂದಳು ಆಕೆ. ಆತನ ಕಾಯಿಲೆಯಲ್ಲಿ ಕೂತಿದ್ದವಳಲ್ಲವೇ!

ಚಾರ್ಜು ತುಂಬಿದ ಮೇಲೆ ಮೂವರೂ ಮೈದಾನಕ್ಕೆ ಹೋದರು. ಅಲ್ಲಿ ಡಾಕ್ಟರು ಮೊದಲು ರಿಮೋಟ್, ಆಮೇಲೆ ಲಾರಿ ಚಾಲೂ ಮಾಡಿಸಿದರು. ಮಗಳು ಜೋರಾಗಿ ಬಿಡಹೋದಾಗ, "ಹೊಸ ಎತ್ತಿಗೆ ಮೊದಲ ದಿನವೇ ತುಂಬಿದ ಗಾಡಿ ಕಟ್ತಾರೇನೇ? ಪಳಗಿಸಬೇಕು," ಎಂದು ತಡೆದರು. ಚಾರ್ಜು ಅರ್ಧಕ್ಕಿಳಿಯುವಾಗ ನಿಲ್ಲಿಸಿದರು. ಜ್ವರದ ಮಗುವಿನ ಹಣೆ ಮುಟ್ಟುವಂತೆ ಆಕೆ ಬ್ಯಾಟರಿಗೆ ಹಿಂಗೈ ತಾಗಿಸಿ ನೋಡಿದಳು. ಬಿಸಿ ಆರಿದ ಮೇಲೆಯೇ ಮತ್ತೆ ಚಾರ್ಜು.

ಆ ಸಂಜೆ ಕೋಣೆಯಲ್ಲಿ ವಾಸನೆ ಇರಲಿಲ್ಲ. ಆಕೆ ಮಂಚದ ಕೆಳಗೆ ಬಗ್ಗಿ ಬಗ್ಗಿ ನೋಡಿದಳು. ಖಾಲಿ ಪೆಟ್ಟಿಗೆಯ ಮುಚ್ಚಳ ಮುಚ್ಚಿದಂತೆಯೇ ಇತ್ತು. ಆಕೆ ಮಗಳನ್ನು ಕರೆದು ಪಕ್ಕದಲ್ಲಿ ಮಲಗಿಸಿಕೊಂಡಳು.

ಓದುವ, ಕೇಳುವ ಬಂಧುಗಳೇ, ನಮ್ಮನ್ನು ಅಗಲಿದವರು ದೇವರ ಬಳಿ ಇದ್ದಾರೆ. ಅವರನ್ನು ಪೆಟ್ಟಿಗೆಯಲ್ಲಿ ಹುಡುಕಬೇಡಿ. ಹೊಸ ಬ್ಯಾಟರಿಯ ಮೇಲೆ ಬರೆದಿರುವುದನ್ನು ಓದಿ, ಚಾರ್ಜರನ್ನು ಅದಕ್ಕೆ ಹೊಂದಿಸಿ, ಪಕ್ಕದಲ್ಲೇ ಕೂತು ತುಂಬಿಸಿ. ಬಳಸದಿರುವಾಗ ಪೂರ್ತಿ ತುಂಬಿಸಿಯೂ ಇಡಬೇಡಿ, ಪೂರ್ತಿ ಬರಿದು ಮಾಡಿಯೂ ಇಡಬೇಡಿ. ನಿಮ್ಮ ಮನೆಯಲ್ಲೂ ಯಾರೋ ಬಿಟ್ಟುಹೋದ ಪೆಟ್ಟಿಗೆ ಇರಬಹುದು. ಅದರ ಮುಚ್ಚಳ ಎದ್ದಿದ್ದರೆ, ಸಿಹಿ ವಾಸನೆ ಬಂದರೆ, ಕೈಮುಗಿಯುವ ಮೊದಲು ಕಿಟಕಿ ತೆರೆಯಿರಿ.