ದುಂಡವ್ವನ ಅಂಗೈ

ಮೂಡಲಗಿಗೆ ಇನ್ನೂ ಮೋಟಾರು ಬಾರದ ಕಾಲ. ದುಂಡವ್ವ ಹುಕ್ಕೇರಿಯಿಂದ ಆ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು, ಅವಳ ಕೈಗೆ ನಡುಕ ಹತ್ತಿ ಎರಡು ವರ್ಷ. ಲಿಂಗಪೂಜೆಯಾಗದೆ ಬಾಯಿಗೆ ತುತ್ತಿಡುವ ಮನೆತನವಲ್ಲ ಅವರದು. ಇಷ್ಟಲಿಂಗ ಅಂಗೈಗೆ ಬಂದರೆ ಸಾಕು, ಕೈ ಗಡಗಡ. ಜಾರಿ ನೆಲಕ್ಕೆ ಬಿದ್ದರೇನು ಗತಿ? ಆ ಭಯಕ್ಕೆ ಬಾಗಿಲು ಮುಚ್ಚಿಕೊಂಡು ಪೂಜೆ ಮಾಡುತ್ತಿದ್ದಳು.

ಒಂದು ದಿನ ಅತ್ತೆ ಶೆಟ್ಟೆವ್ವ ಬಾಗಿಲ ಸಂದಿಯಿಂದ ನೋಡಿಬಿಟ್ಟಳು. ನೋಡಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸಲ್ಲ ಅವಳು.

"ನಮ್ಮ ಸೊಸಿ ಕೈಯಾಗ ಲಿಂಗ ಕುಣೀತೈತ್ರಿ!" ಎಂದು ಓಣಿಗೆಲ್ಲ ಡಂಗುರ ಹೊಡೆದಳು.

ಶ್ರಾವಣದ ಮೊದಲ ಸೋಮವಾರ ನಾಲ್ಕು ಮಂದಿ ಬಂದರು, ಎರಡನೆಯದಕ್ಕೆ ಪಡಸಾಲೆ ತುಂಬಿತು. ಮಂದಿ ನೋಡಿದಷ್ಟೂ ಕೈ ಹೆಚ್ಚು ನಡುಗಿತು, ನಡುಗಿದಷ್ಟೂ ಮಂದಿಗೆ ಭಕ್ತಿ ಉಕ್ಕಿತು. ಪಕ್ಕದ ಮನೆಯ ಕೆಂಚವ್ವನಂತೂ ಕಾಲಿಗೇ ಬಿದ್ದಳು. ದುಂಡವ್ವನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ನಿಜ ಹೇಳಿದರೆ ಅತ್ತೆಯ ಮುಖಕ್ಕೆ ಮಸಿ ಬಳಿದಂತೆ. ಹೇಳದಿದ್ದರೆ ಮುಂದಿನ ಸೋಮವಾರ ಎಲ್ಲರೆದುರು ಲಿಂಗ ಬೀಳುವುದು ಖಂಡಿತ.

ಆ ವಾರವೇ ಅಪ್ಪ ಗುರುಲಿಂಗಪ್ಪ ಮಗಳನ್ನು ನೋಡಲು ಚಕ್ಕಡಿ ಹೂಡಿಕೊಂಡು ಬಂದ. ಕೊಟ್ಟ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೊಳಕೈ ಪಕ್ಕೆಗೆ ಒತ್ತಿಕೊಂಡು ನೀರು ಕುಡಿದ. ಅವಳು ಚಿಕ್ಕಂದಿನಿಂದ ನೋಡಿದ್ದೇ, ಯಾಕೆಂದು ಕೇಳಿರಲಿಲ್ಲ.

"ಅಪ್ಪಾ, ನಿನಗೂ ಕೈ ನಡಗತೈತೇನು?"

"ನಮ್ಮವ್ವಗೂ ನಡಗತಿತ್ತವಾ. ತೊಡಿ ಮ್ಯಾಲ ಇಟ್ರ ಸುಮ್ನಿರತೈತಿ, ಏನಾರ ಎತ್ತಾಕ ಹೋದ್ರ ಶುರು. ಮಂದಿ ನೋಡಿದ್ರಂತೂ ಕೇಳಬ್ಯಾಡ. ಹಂಗ ನಡಗಿಸ್ಕೋತನ ಅಕಿ ಎಂಬತ್ತರ ತನಕ ರೊಟ್ಟಿ ಬಡದ್ಲು. ತಂಬಗಿ ಅರ್ಧ ತುಂಬು, ಮೊಳಕೈ ಒತ್ತಿ ಹಿಡಿ."

ದುಂಡವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಾನು ಮಾಡಿದ ಯಾವ ಪಾಪದ ಫಲವೂ ಅಲ್ಲ, ಅಜ್ಜಿಯಿಂದ ಬಂದದ್ದು ಎಂಬ ಸಮಾಧಾನಕ್ಕೇ ಅತ್ತಳು.

ಮೂರನೆಯ ಸೋಮವಾರ ಪೂಜೆಗೆ ಮೊದಲು, ಕೂತವರಿಗೆ ತಾನೇ ಮಜ್ಜಿಗೆ ಕೊಡಲು ಹೊರಟಳು, ಅದೂ ಬಟ್ಟಲು ತುಂಬಿಸಿ. ಮುಂದೆ ಕೂತಿದ್ದ ಓಣಿಯ ಹಿರಿಯ ಮಾಲಿಂಗಪ್ಪನ ರುಮಾಲಿನ ಮೇಲೆ ಒಂದಿಷ್ಟು ಚೆಲ್ಲಿತು, ಕೆಂಚವ್ವನ ಹೊಸ ಇಳಕಲ್ ಸೀರೆಯ ಮೇಲೆ ಅದಕ್ಕಿಂತ ಹೆಚ್ಚು.

"ನೋಡ್ರಿ, ಮಜ್ಜಿಗಿ ಬಟ್ಟಲಾನೂ ಕುಣೀತೈತಿ. ಪವಾಡ ಅಲ್ರಿ ಇದು, ನಮ್ಮ ತವರಮನಿ ನಡುಕ. ಇದರಾಗ ನಂದೇನೂ ತಪ್ಪಿಲ್ಲ."

ಮಾಲಿಂಗಪ್ಪ ರುಮಾಲು ಹಿಂಡುತ್ತ ನಕ್ಕುಬಿಟ್ಟ. ಕೆಂಚವ್ವ ಸೀರೆ ಝಾಡಿಸಿಕೊಂಡು ಎದ್ದಳು, ಅವಳ ಹಿಂದೆ ಉಳಿದವರೂ ಎದ್ದುಹೋದರು. ಶೆಟ್ಟೆವ್ವನ ಮುಖ ಕಪ್ಪಿಟ್ಟಿತ್ತು. ಸೊಸೆಯತ್ತ ತಿರುಗಿಯೂ ನೋಡದೆ ಒಳಗೆ ಹೋದಳು.

ದುಂಡವ್ವ ಬಾಗಿಲು ತೆರೆದಿಟ್ಟೇ ಪೂಜೆಗೆ ಕೂತಳು. ಮೊಳಕೈ ಪಕ್ಕೆಗೆ ಒತ್ತಿದರೂ ಅಂಗೈ ಸಣ್ಣಗೆ ನಡುಗುತ್ತಲೇ ಇತ್ತು. ಅಷ್ಟರಲ್ಲಿ ಶೆಟ್ಟೆವ್ವ ಬಂದು ಪಕ್ಕದಲ್ಲಿ ಧೊಪ್ಪನೆ ಕೂತು, ಸೊಸೆಯ ಕೈ ಕೆಳಗೆ ತನ್ನ ಬೊಗಸೆ ಹಿಡಿದಳು.

"ಬಿದ್ರ ನನ್ನ ಕೈಯಾಗ ಬೀಳತೈತಿ. ಮಾಡು ಪೂಜಿ, ನನಗ ಹಸಿವ್ಯಾಗೇತಿ."