ಕಿತ್ತುಹಾಕಿದ ಗೂಟ

ಸತ್ತವರ ಹೆಸರು ಕರೆಯುವ ಕೆಲಸ ನನಗೆ ಬಂದದ್ದು ನನ್ನ ದನಿ ಚೆನ್ನಾಗಿದೆ ಎಂದೇನಲ್ಲ. ನಮ್ಮ ಶಾಲೆಯಲ್ಲಿ ಯಾವ ಮೇಷ್ಟರು ಎಲ್ಲರಿಗಿಂತ ಹೆಚ್ಚು ವರ್ಷ ಗೂಟ ಹೊಡೆದುಕೊಂಡು ಕೂತಿರುತ್ತಾರೋ ಅವರ ತಲೆಗೆ ಅದನ್ನು ಕಟ್ಟುತ್ತಾರೆ. ನನಗಿಂತ ಹಿರಿಯರೆಲ್ಲ ನಿವೃತ್ತರಾಗಿಯೋ ಸತ್ತೋ ಜಾಗ ಖಾಲಿ ಮಾಡಿದರು. ಚರಿತ್ರೆ ಪಾಠ ಮಾಡುವ ನಾನು ಉಳಿದೆ. ಹುಡುಗರು ಬೆನ್ನ ಹಿಂದೆ ನನ್ನನ್ನು ಕೆಮ್ಮು ಸರ್ ಎನ್ನುತ್ತಾರೆ. ಪ್ರತಿ ಹೆಸರಿಗೂ ಮುಂಚೆ ಒಂದು ಸಲ ಕೆಮ್ಮುತ್ತೇನಂತೆ. ಕೆಮ್ಮದೆ ಇನ್ನೇನು ಮಾಡಲಿ? ನಮ್ಮ ಚಾಪೆಲ್‌ನ ಧೂಳಿಗೆ ಶಾಲೆಯಷ್ಟೇ ವಯಸ್ಸಾಗಿದೆ.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಆಂಗ್ಲಿಕನ್ ಸಭೆಯ ಕ್ರೈಸ್ತರು ನಡೆಸುವ ಗಂಡು ಹುಡುಗರ ಶಾಲೆ, ಆವರಣದೊಳಗೇ ಚಾಪೆಲ್ ಎನ್ನುವ ನಮ್ಮದೇ ಚರ್ಚು. ಹಿಂದೆ ಯಾವನೋ ಒಬ್ಬ ಬಿಷಪ್ ಕಟ್ಟಿಸಿದ್ದು. ಊಟದ ಹಾಲಿನಲ್ಲಿ ಆತನ ಚಿತ್ರವಿದೆ, ಹಲ್ಲುನೋವಿನವನ ಮುಖ. ಹುಡುಗರನ್ನು ಹೌಸ್‌ಗಳಾಗಿ ಹಂಚುತ್ತಾರೆ. ಒಂದೊಂದು ಹೌಸಿಗೂ ಬೇರೆ ಕಟ್ಟಡ, ಅದರ ಬಾಗಿಲ ಪಕ್ಕ ಕೋಟು ತಗುಲಿಹಾಕಲು ಗೋಡೆಯುದ್ದಕ್ಕೂ ಮರದ ಗೂಟಗಳಿವೆ, ಒಂದೊಂದರ ಕೆಳಗೂ ಹಿತ್ತಾಳೆಯ ನಂಬರು. ಸೇರಿದ ದಿನ ಹುಡುಗನಿಗೆ ಒಂದು ಗೂಟ ಕೊಡುತ್ತಾರೆ. ಅವನು ಶಾಲೆ ಬಿಟ್ಟ ಮೇಲೆ ಅದೇ ಗೂಟ ಇನ್ನೊಬ್ಬನಿಗೆ.

ವರ್ಷಕ್ಕೊಮ್ಮೆ, ಸ್ಥಾಪಕರ ದಿನ, ಆ ವರ್ಷ ತೀರಿಕೊಂಡ ಹಳೆಯ ವಿದ್ಯಾರ್ಥಿಗಳ ಹೆಸರನ್ನು ಚಾಪೆಲ್‌ನಲ್ಲಿ ಕರೆಯುತ್ತೇವೆ, ತರಗತಿಯಲ್ಲಿ ಹಾಜರಿ ಕರೆದ ಹಾಗೆ. ಸತ್ತವನ ಗೂಟದಲ್ಲಿ ಈಗ ಯಾರ ಕೋಟು ನೇತಾಡುತ್ತದೋ ಆ ಹುಡುಗ ಎದ್ದು "ಇದ್ದೀನಿ ಸರ್" ಎನ್ನಬೇಕು. ನಾನು "ಸರಿ, ಕೂತ್ಕೋ" ಎನ್ನಬೇಕು. ಆಮೇಲೆ ಮುಂದಿನ ಹೆಸರು. ಇಷ್ಟೇ ಶಾಸ್ತ್ರ. ಇಷ್ಟಕ್ಕೇ ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬಂದು ಕರ್ಚೀಫು ಒದ್ದೆ ಮಾಡಿಕೊಳ್ಳುತ್ತಾರೆ.

ಇದಕ್ಕೊಂದು ಕಥೆಯೂ ಇದೆ, ಇಲ್ಲದೆ ಇರುತ್ತದೆಯೇ. ಶಾಲೆಯ ಮೊದಲ ವರ್ಷಗಳಲ್ಲಿ ಜ್ವರ ಬಂದು ಒಂದಷ್ಟು ಮಕ್ಕಳು ತೀರಿಕೊಂಡರಂತೆ. ದುಃಖದಲ್ಲಿ ಮರೆತು ಆಗಿನ ಹೆಡ್ಮಾಸ್ಟರು ಸತ್ತ ಹುಡುಗನೊಬ್ಬನ ಹೆಸರು ಕರೆದರಂತೆ. ಅವನ ಗೂಟ ಸಿಕ್ಕಿದ್ದ ಹೊಸ ಹುಡುಗ ಎದ್ದು "ಇದ್ದೀನಿ ಸರ್" ಅಂದನಂತೆ. ಕ್ರಿಸ್ತನ ಪುನರುತ್ಥಾನದ ನಂಬಿಕೆ ಆ ಎಳೆಯ ಬಾಯಿಂದ ಬಂತು ಎಂದು ಪ್ರತಿ ವರ್ಷವೂ ಬಿಷಪ್ಪರು ಕೊರೆಯುತ್ತಾರೆ. ಆ ಹುಡುಗ ಬೆತ್ತದ ಭಯಕ್ಕೆ ಹಾಗೆ ಹೇಳಿರಬೇಕೆಂದು ನನ್ನ ಅನುಮಾನ. ಹುಡುಗರನ್ನು ನಾನು ಇವತ್ತು ನಿನ್ನೆ ನೋಡಿದವನಲ್ಲ.

ನಮ್ಮಪ್ಪ ಇದೇ ಚಾಪೆಲ್‌ನಲ್ಲಿ ಆರ್ಗನ್ ನುಡಿಸುತ್ತಿದ್ದರು. ಹಾಗಾಗಿ ಅಣ್ಣನಿಗೂ ನನಗೂ ಇಲ್ಲಿ ಓದು ಸಿಕ್ಕಿತು. ಅಣ್ಣನದು ಇಪ್ಪತ್ತೆಂಟನೆಯ ಗೂಟ. ಅವನು ಮೀಸೆ ಚಿಗುರುವ ವಯಸ್ಸಿನಲ್ಲಿದ್ದಾಗ, ನಾನಿನ್ನೂ ಚಡ್ಡಿಯ ತರಗತಿಯಲ್ಲಿದ್ದಾಗ, ಆ ಗೂಟದ ಹಳಬನೊಬ್ಬ ಸತ್ತ. ಸ್ಥಾಪಕರ ದಿನ ಹೆಸರು ಕರೆದರು. ಅಣ್ಣ ಎದ್ದು ನಿಂತ. ಎಲ್ಲರಿಗೂ ಕೇಳುವ ಹಾಗೆ, ಸ್ವಲ್ಪವೂ ಕುಚೋದ್ಯವಿಲ್ಲದೆ ಹೇಳಿದ:

"ಅವರು ಇಲ್ಲ ಸರ್. ಸತ್ತೋಗಿದ್ದಾರೆ. ನಾನು ಬೇರೆಯವನು."

ಹುಡುಗರು ಗೊಳ್ಳೆಂದು ನಕ್ಕರು. ಅಪ್ಪ ಗಾಬರಿಯಿಂದ ಆರ್ಗನ್ನಿನ ಮೇಲೆ ಬಿದ್ದವರ ಹಾಗೆ ಯಾವುದೋ ಸ್ತುತಿಗೀತೆ ಶುರುಮಾಡಿಬಿಟ್ಟರು. ಮಾರನೆಯ ದಿನ ಹೆಡ್ಮಾಸ್ಟರು ಅಣ್ಣನನ್ನು ಕರೆಸಿ, ಎಲ್ಲರೆದುರು ಒಂದು ಸಲ "ಇದ್ದೀನಿ" ಅಂದುಬಿಡು, ಇಲ್ಲಿಗೇ ಮುಗಿಸೋಣ ಅಂದರು. ಇವನು ಕೇಳಬೇಕಲ್ಲ! "ಇರೋದು ನಾನು ಸರ್, ಅವರಲ್ಲ. ಅವರ ಹೆಸರಿಗೆ ನಾನು ಹೆಂಗೆ ಹೂಂ ಅನ್ಲಿ?" ಎಂದು ಅದೇ ರಾಗ. ಅಪ್ಪ ಬೈದರು, ಅತ್ತರು. ಅಮ್ಮ ಊಟ ಬಿಟ್ಟಳು. ಅಣ್ಣ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಶಾಲೆಯಿಂದ ಹೊರಹಾಕಿದರು.

ಹೊರಹಾಕಿದವನ ಗೂಟವನ್ನು ಕಿತ್ತುಹಾಕುವುದು ಇಲ್ಲಿನ ಇನ್ನೊಂದು ಪದ್ಧತಿ. ಹೌಸಿನ ಹುಡುಗರನ್ನೆಲ್ಲ ನಿಲ್ಲಿಸಿ, ಬಡಗಿಯಿಂದ ಗೂಟ ಕೀಳಿಸಿ, ತೂತಿಗೆ ಸುಣ್ಣ ಮೆತ್ತಿದರು. ಇವತ್ತಿಗೂ ಆ ಗೋಡೆಯಲ್ಲಿ ಇಪ್ಪತ್ತೇಳು ಆದಮೇಲೆ ಇಪ್ಪತ್ತೊಂಬತ್ತು. ಆ ಅಂತರದಲ್ಲಿ ಹುಡುಗರು ಒದ್ದೆ ಛತ್ರಿ ಒರಗಿಸುತ್ತಾರೆ.

ಅಣ್ಣ ಸಿಟಿ ಬಸ್ಸಿನ ಡ್ರೈವರ್ ಆದ. ಅವನ ಬಸ್ಸಿಗೆ ನಮ್ಮ ಶಾಲೆಯ ಗೇಟಿನ ಮುಂದೆಯೇ ಸ್ಟಾಪು. ಅಲ್ಲಿಂದ ಹೊರಡುವಾಗ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಪ್ರಾರ್ಥನೆ ನಡೆಯುತ್ತಿರಲಿ, ಪರೀಕ್ಷೆ ನಡೆಯುತ್ತಿರಲಿ, ಎರಡು ಹಾರ್ನ್ ತಪ್ಪಿದ್ದಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಆ ಡ್ರೈವರಿಗೆ ಹಿಡಿಶಾಪ ಹಾಕುತ್ತಿದ್ದರು. ನಾನು ಪರೀಕ್ಷೆಯ ಹಾಳೆಯಲ್ಲಿ ಮುಖ ಹುದುಗಿಸಿ ನಗುತ್ತಿದ್ದೆ. ಸ್ಥಾಪಕರ ದಿನ ಮುಗಿದ ಮೇಲಿನ ಭಾನುವಾರ ಅವನ ಮನೆಗೆ ಊಟಕ್ಕೆ ಹೋದರೆ, "ಏನೋ, ಈ ಸಲ ಎಷ್ಟು ಜನ ಎದ್ದು ಬಂದ್ರು?" ಎಂದು ಕೇಳುತ್ತಿದ್ದ. ಮದುವೆ ಇಲ್ಲದ ನನಗೆ ಭಾನುವಾರದ ಊಟ ಅಲ್ಲೇ. ಕೇಳಿಸಿಕೊಂಡು ಸುಮ್ಮನೆ ಉಣ್ಣುತ್ತಿದ್ದೆ.

ಈ ವರ್ಷ ಅವನ ಕಿಡ್ನಿ ಕೈಕೊಟ್ಟಿತು. ಹೋಗಿಬಿಟ್ಟ.

ಭಾನುವಾರದ ಊಟ ಮಾತ್ರ ನಿಲ್ಲಲಿಲ್ಲ. ಅತ್ತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಜೀವಮಾನವೆಲ್ಲ ಇಸ್ತ್ರಿ ಮಾಡಿದವಳು, ಮನೆಯಲ್ಲೂ ಅವಳ ಕೈ ಸುಮ್ಮನಿರುವುದಿಲ್ಲ. ಒಂದು ಭಾನುವಾರ ಊಟ ಮುಗಿಸಿ ನಾನು ಕೈ ತೊಳೆದು ಬರುವಷ್ಟರಲ್ಲಿ ಅಣ್ಣನ ಖಾಕಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಯಾರು ಹಾಕಿಕೊಳ್ಳುತ್ತಾರೆ ಅದನ್ನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

"ಮೇಷ್ಟ್ರೇ," ಅಂದಳು. ನನ್ನನ್ನು ಅವಳು ಕರೆಯುವುದೇ ಹಾಗೆ, ಅರ್ಧ ತಮಾಷೆಗೆ. "ಈ ಸಲ ಅವರ ಹೆಸರು ಕರೀತೀರಲ್ಲ?"

"ಯಾರ ಹೆಸರು?"

"ನಿಮ್ಮಣ್ಣಂದು. ಇನ್ಯಾರದ್ದು, ನಮ್ಮಪ್ಪಂದಾ?"

"ಅತ್ತಿಗೆ, ಅವನು ಆ ದಿನಾನ ಆಡ್ಕೊಂಡು ನಕ್ಕೋನು. ಅವನಿಗ್ಯಾಕೆ ಅದು?"

"ನಾನೂ ಅದನ್ನೇ ಕೇಳ್ದೆ. ಆಸ್ಪತ್ರೇಲಿ ಮಲಗಿದ್ದಾಗ, 'ಅವನು ನನ್ನ ಹೆಸರು ಕರೀತಾನಾ?' ಅಂದ್ರು. ನಿಮಗ್ಯಾಕ್ರೀ ಅದೆಲ್ಲ, ಅಂದೆ. 'ಸುಮ್ನೆ ಕೇಳ್ದೆ' ಅಂದ್ರು. ಸುಮ್ನೆ ಕೇಳೋ ಹೊತ್ತಾ ಅದು? ನೀವೇ ಹೇಳಿ."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ನನ್ನ ಮುಂದೆ ಹಲ್ಲು ಕಿರಿದು, ಹಾರ್ನ್ ಹೊಡೆದು, ಕೊನೆಗೆ ಹೆಂಡತಿಯ ಕಿವಿಯಲ್ಲಿ ಈ ಮಾತು! ನನಗೇ ಒಂದು ಸಲ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಸತ್ತವನ ಜೊತೆ ಜಗಳವಾಡುವುದಕ್ಕೂ ಆಗುವುದಿಲ್ಲ. "ನೋಡ್ತೀನಿ" ಅಂದು ಎದ್ದು ಬಂದೆ.

ಈಗಿನ ಹೆಡ್ಮಾಸ್ಟರು ಪಾದ್ರಿಯೂ ಹೌದು, ನನ್ನ ಹಳೆಯ ಶಿಷ್ಯನೂ ಹೌದು. ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವ ವಿದ್ಯೆಯನ್ನು ನನ್ನ ತರಗತಿಯಲ್ಲೇ ಕಲಿತ. ಕೆಟ್ಟವನಲ್ಲ. ಆದರೆ ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾನೆ. ಅಣ್ಣನ ಹೆಸರು ಸೇರಿಸಬಹುದೇ ಎಂದು ಕೇಳಿದೆ, "ನೋಡೋಣ ಸರ್" ಅಂದ. ಮತ್ತೆ ಕೇಳಿದೆ, ಮತ್ತೆ "ನೋಡೋಣ". ಸಮಿತಿಯ ಮುಂದಿಡೋಣ, ಬಿಷಪ್ಪರ ಕಿವಿಗೆ ಹಾಕೋಣ. ಕೊನೆಗೆ ಸ್ಥಾಪಕರ ದಿನದ ಹಿಂದಿನ ದಿನ ನಾನೇ ಅವನ ಕೋಣೆಯಲ್ಲಿ ಹೋಗಿ ಕೂತೆ.

"ಹೊರಹಾಕಿದವರ ಹೆಸರು ಇದುವರೆಗೂ ಕರೆದಿಲ್ಲ ಸರ್," ಅಂದ.

"ಗೊತ್ತು. ಅದನ್ನ ನಿನಗೆ ಕಲಿಸಿದ್ದೇ ನಾನು."

"ಗೂಟನೇ ಇಲ್ಲ. ಯಾರು ಎದ್ದು ಉತ್ತರ ಕೊಡೋರು?"

"ಒಂದು ಗೂಟ ಹೊಡೆಸಪ್ಪ. ಬಡಗಿ ಸತ್ತೋಗಿದ್ದಾನಾ?"

ಅವನು ಬಿಳಿ ಕಾಲರಿನೊಳಗೆ ಬೆರಳು ತೂರಿಸಿ ಸಡಿಲ ಮಾಡಿಕೊಂಡ. ಅವನ ಮುಖದಲ್ಲೂ ನನ್ನಷ್ಟೇ ಆಯಾಸವಿತ್ತು. "ಸರ್, ನಾಳೆ ಬಿಷಪ್ ಇರ್ತಾರೆ, ಹಳಬರೆಲ್ಲ ಇರ್ತಾರೆ. ನೀವು ಹೆಸರು ಕರೆದು, ಅಷ್ಟು ಜನರಲ್ಲಿ ಒಬ್ಬರೂ ಏಳ್ದೇ ಹೋದ್ರೆ? ಅವತ್ತು ಒಂದು ಸಲ ಹೊರಗೆ ಹಾಕಿದ್ವಿ. ಎಲ್ಲರೆದುರು ಇನ್ನೊಂದು ಸಲ ಹಾಕಿದ ಹಾಗಾಗಲ್ವಾ?"

ನಾನು ಎದ್ದೆ. ಅವನು ಸುಳ್ಳು ಹೇಳಿದ್ದರೆ ಉಗಿದು ಬರಬಹುದಿತ್ತು. ಅವನ ಮಾತು ಸರಿಯಾಗಿತ್ತು. ದಾರಿಯಲ್ಲಿ ಅಣ್ಣನ ಹೌಸಿನ ಬಾಗಿಲ ಬಳಿ ನಿಂತು ಆ ಖಾಲಿ ಜಾಗ ನೋಡಿದೆ. ಸುಣ್ಣ ಮೆತ್ತಿದ ಗುರುತೂ ಉಳಿದಿಲ್ಲ, ಅಷ್ಟು ಸಲ ಬಣ್ಣ ಬಳಿದಿದ್ದಾರೆ. ಮಂಡಿ ನೋಯುತ್ತಿತ್ತು. ಈ ಶಾಲೆ, ಈ ಹೆಸರುಗಳು, ಈ ಗಂಟೆ, ಎಲ್ಲವೂ ಸಾಕಾಗಿ ಹೋಗಿತ್ತು ನನಗೆ.

ಅತ್ತಿಗೆಯ ಮನೆಗೆ ಹೋಗಿ, "ಆಗಲ್ವಂತೆ," ಅಂದೆ.

"ಯಾರಿಗೆ ಆಗಲ್ಲ?"

"ಉತ್ತರ ಕೊಡೋರು ಯಾರೂ ಇಲ್ಲ ಅತ್ತಿಗೆ. ನಾನು ಕರೆದ್ರೂ ಎಲ್ಲರೂ ಸುಮ್ನೆ ಕೂತಿರ್ತಾರೆ. ಅದನ್ನ ಕಣ್ಣಲ್ಲಿ ನೋಡಕ್ಕಾಗಲ್ಲ ನಂಗೆ. ನೀವು ಬರೋದು ಬೇಡ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಇಟ್ಟಳು. ಆಮೇಲೆ, "ಬರ್ತೀನಿ," ಅಂದಳು. "ಮುಗಿದ ಮೇಲೆ ಟೀ ಕೊಡ್ತಾರಲ್ಲ."

ಮಾರನೆಯ ದಿನ ಚಾಪೆಲ್ ತುಂಬಿತ್ತು. ಹಳಬರು ಬಿಗಿಯಾದ ಕೋಟಿನೊಳಗೆ ಹೊಟ್ಟೆ ತೂರಿಸಿಕೊಂಡು ಬಂದಿದ್ದರು. ಗಾಯಕ ಹುಡುಗರು ಬಿಳಿ ನಿಲುವಂಗಿ ತೊಟ್ಟು ಸಾಲಾಗಿ ಒಳಗೆ ಬಂದರು, ಒಬ್ಬನ ಶೂ ಲೇಸು ಬಿಚ್ಚಿತ್ತು. ಬಿಷಪ್ಪರು ಜ್ವರದ ಕಥೆ ಹೇಳಿದರು, ಎಳೆಯ ಬಾಯಿ, ಪುನರುತ್ಥಾನ, ಎಲ್ಲ ಆಯಿತು. ಹಿಂದೆ, ಬಾಗಿಲ ಪಕ್ಕದ ಹೆಂಗಸರ ಬೆಂಚಿನ ತುದಿಯಲ್ಲಿ ಅತ್ತಿಗೆ ಕೂತಿದ್ದಳು. ಲಾಂಡ್ರಿಯ ಕೈಚೀಲ ತೊಡೆಯ ಮೇಲಿತ್ತು.

ನಾನು ಮೆಟ್ಟಿಲು ಹತ್ತಿ ನಿಂತೆ. ಕೆಮ್ಮಿದೆ, ಒಂದು ಹೆಸರು ಕರೆದೆ. "ಇದ್ದೀನಿ ಸರ್." "ಸರಿ, ಕೂತ್ಕೋ." ಕೆಮ್ಮು, ಹೆಸರು. ಒಬ್ಬ ಜಡ್ಜಿ ಸತ್ತಿದ್ದ, ಒಬ್ಬ ಔಷಧಿ ಅಂಗಡಿಯವನು, ಸಾಲ ಮಾಡಿ ಊರು ಬಿಟ್ಟು ಎಲ್ಲೋ ಹೋಗಿ ಸತ್ತವನೊಬ್ಬ. ಎಲ್ಲರಿಗೂ ಗೂಟವಿತ್ತು. ಎಲ್ಲರಿಗೂ ಒಬ್ಬೊಬ್ಬ ಹುಡುಗ ಎದ್ದ. ಕೊನೆಯ ಹೆಸರೂ ಮುಗಿಯಿತು. ಆರ್ಗನ್ನಿನವನು ಕೈ ಎತ್ತಿಕೊಂಡು ನನ್ನ ಕಡೆ ನೋಡುತ್ತಿದ್ದ. ನಾನು ಕಾಗದ ಮಡಚಿ ಕೆಳಗಿಳಿದರೆ ಅವನು ಶುರುಮಾಡಬೇಕು.

ಕಾಗದ ಮಡಚಿದೆ. ಜೇಬಿಗೂ ಹಾಕಿದೆ. ಇಳಿಯಲು ಕಾಲು ಏಳಲಿಲ್ಲ. ಈಗ ಸುಮ್ಮನೆ ಇಳಿದುಬಿಟ್ಟರೆ ಭಾನುವಾರ ಆ ಮನೆಯ ತಟ್ಟೆಯ ಮುಂದೆ ಹೇಗೆ ಕೂರಲಿ ಅನ್ನಿಸಿತು.

ಕೆಮ್ಮಿದೆ.

ಹುಡುಗರು ತಲೆಯೆತ್ತಿದರು. ಈ ಕೆಮ್ಮಿನ ಹಿಂದೆ ಒಂದು ಹೆಸರು ಬರುತ್ತದೆಂದು ಆ ಮಕ್ಕಳಿಗೆಲ್ಲ ಗೊತ್ತು. ಹೆಡ್ಮಾಸ್ಟರು ಕಣ್ಣಲ್ಲೇ ಬೇಡ ಎಂದ. ನಾನು ಅಣ್ಣನ ಪೂರ್ತಿ ಹೆಸರು ಕರೆದೆ, ಅಪ್ಪನ ಹೆಸರು ಸೇರಿಸಿ, ಹೌಸಿನ ಹೆಸರು ಸೇರಿಸಿ, "ಗೂಟ ಇಪ್ಪತ್ತೆಂಟು" ಎಂದೂ ಸೇರಿಸಿ.

ಯಾರೂ ಏಳಲಿಲ್ಲ. ಇಪ್ಪತ್ತೇಳರ ಹುಡುಗ ಇಪ್ಪತ್ತೊಂಬತ್ತರವನ ಮುಖ ನೋಡಿದ. ಹಳಬರ ಬೆಂಚಿನಲ್ಲಿ ಗುಸುಗುಸು ಎದ್ದು ತಣ್ಣಗಾಯಿತು. ಹೊರಗೆ ಗೇಟಿನ ಮುಂದೆ ಬಸ್ಸೊಂದು ಬಂದು ನಿಂತದ್ದು ಕೇಳಿಸಿತು. ಅದರ ಬಾಗಿಲು ತೆರೆಯಿತು, ಮುಚ್ಚಿತು. ನನಗೆ ಗೊತ್ತಿಲ್ಲದೆ ನಾನು ಹಾರ್ನಿಗೆ ಕಾದೆ. ಬಸ್ಸು ಹಾರ್ನ್ ಹೊಡೆಯದೆ ಹೊರಟುಹೋಯಿತು. ಅಯ್ಯೋ, ಯಾಕಾದರೂ ಕರೆದೆನೋ, ನನ್ನ ಬಾಯಿಂದಲೇ ಅವನ ಮರ್ಯಾದೆ ತೆಗೆದೆನಲ್ಲಾ ಅನ್ನಿಸಿತು. ಬಿಷಪ್ಪರು ಆರ್ಗನ್ನಿನವನ ಕಡೆ ಕೈ ಎತ್ತಿದರು.

ಆಗ ಹಿಂದಿನ ಬೆಂಚು ಕಿರ್ ಎಂದಿತು. ಅತ್ತಿಗೆ ಎದ್ದು ನಿಂತಿದ್ದಳು, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಮನೆಯ ಬಾಗಿಲಿಗೆ ಯಾರೋ ಬಂದು ಗಂಡ ಇದ್ದಾರಾ ಎಂದು ಕೇಳಿದಾಗ ಹೇಳುವ ಹಾಗೆ ಹೇಳಿದಳು:

"ಅವರಿಲ್ಲ ಸರ್. ಹೋಗ್ಬಿಟ್ರು. ನಾನಿದ್ದೀನಿ."

ಒಬ್ಬ ಹುಡುಗನೂ ನಗಲಿಲ್ಲ. ಬಿಷಪ್ಪರ ಕೈ ಎತ್ತಿದಲ್ಲೇ ಉಳಿಯಿತು. ಅತ್ತಿಗೆ ಕೂರಲಿಲ್ಲ. ಎಲ್ಲ ಹುಡುಗರ ಹಾಗೆ ಅವಳೂ ನಾನು ಹೇಳಲಿ ಎಂದು ಕಾಯುತ್ತಿದ್ದಳು. ನನಗೆ ಕೆಮ್ಮೂ ಬರಲಿಲ್ಲ.

"ಸರಿ," ಅಂದೆ. "ಕೂತ್ಕೊಳ್ಳಿ ಅತ್ತಿಗೆ."